ಶುಗರ್ ಬಂದರೆ ಅನ್ನ ಬಿಡಬೇಕಾ?

ಮದುವೆ ಮನೆ, ಬಸ್ ಸ್ಟ್ಯಾಂಡ್, ರೇಷನ್ ಅಂಗಡಿಯ ಸಾಲು, ಎಲ್ಲಿ ಸಿಕ್ಕಿದರೂ ಜನ ನನ್ನನ್ನು ಕೇಳುವುದು ಇದೊಂದೇ. "ಅಕ್ಕಾ, ಶುಗರ್ ಉಂಟು ಅಂತ ಹೇಳಿದ್ರು. ಇನ್ನು ಅನ್ನ ಬಿಡ್ಬೇಕಾ?" ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು, ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಊರಿನವಳು ಅಂತ ಕೇಳುವವರಿಗೆ ಸಲುಗೆ ಜಾಸ್ತಿ, ಅದಕ್ಕೆ ನನ್ನ ಬೇಸರವೂ ಇಲ್ಲ.

ಉತ್ತರ ಹೇಳಿಬಿಡುತ್ತೇನೆ. ಬಿಡಬೇಕಾಗಿಲ್ಲ. ಆದರೆ ದಿನಕ್ಕೆ ಎಷ್ಟು ಅಕ್ಕಿ ಹೊಟ್ಟೆಗೆ ಹೋಗುತ್ತದೆ ಅಂತ ಲೆಕ್ಕ ಹಾಕಬೇಕು. ಅನ್ನದ ಲೆಕ್ಕ ಸಾಲದು, ಅಕ್ಕಿಯ ಲೆಕ್ಕವೇ ಬೇಕು.

ಯಾಕೆಂದರೆ ನಮ್ಮ ಕಾಸರಗೋಡಿನಲ್ಲಿ ಅಕ್ಕಿ ಯಕ್ಷಗಾನದ ವೇಷಧಾರಿಯ ಹಾಗೆ ದಿನವಿಡೀ ವೇಷ ಬದಲಿಸುತ್ತದೆ. ಬೆಳಗ್ಗೆ ಉದ್ದಿನ ದೋಸೆಯೋ ನೀರುದೋಸೆಯೋ ಆಗಿ ಬರುತ್ತದೆ, ತೋಟದಿಂದ ಬಂದವರಿಗೆ ಹತ್ತೂವರೆಗೆ ಗಂಜಿ ಆಗುತ್ತದೆ, ಮಧ್ಯಾಹ್ನ ಊಟ, ಸಂಜೆ ಚಾದ ಜೊತೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ಹಬ್ಬ ಬಂದರೆ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಮಧೂರು ಗಣಪತಿ ದೇವಸ್ಥಾನಕ್ಕೆ ಹೋದರೆ ಪ್ರಸಾದದ ಅಪ್ಪ. ಇಷ್ಟೆಲ್ಲಾ ಆದ ಮೇಲೂ "ನಾನು ಅನ್ನ ಉಣ್ಣುವುದು ಎರಡೇ ಹೊತ್ತು" ಅಂತ ಹೇಳುವವರು ಸುಳ್ಳು ಹೇಳುವವರಲ್ಲ. ಅವರ ಲೆಕ್ಕದಲ್ಲಿ ದೋಸೆ ಅಕ್ಕಿಯೇ ಅಲ್ಲ, ಅಷ್ಟೇ.

ಇದು ನಮ್ಮ ಒಂದು ಮನೆಯ ಕತೆಯೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ದೇಶದ ಸರಾಸರಿ ನೂರಕ್ಕೆ 11.4 ಇದ್ದರೆ, ಕೇರಳದಲ್ಲಿ ನೂರಕ್ಕೆ 25ರ ಆಸುಪಾಸು. ಅಂದರೆ ನಾಲ್ಕು ದೊಡ್ಡವರಲ್ಲಿ ಒಬ್ಬರಿಗೆ. ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಯಾವ ಮನೆಗೆ ಹೋದರೂ ಫ್ರಿಜ್ ಮೇಲೆ ಮಾತ್ರೆ ಡಬ್ಬಿ ಕಾಣುವುದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. 100 ಗ್ರಾಂ ಅಕ್ಕಿಯಲ್ಲಿ ಹೆಚ್ಚುಕಡಿಮೆ 78 ಗ್ರಾಂ ಪಿಷ್ಟ ಇರುತ್ತದೆ, ಆ ಪಿಷ್ಟವೇ ಅರಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುವುದು. 50 ಗ್ರಾಂ ಅಕ್ಕಿ ಬೇಯಿಸಿದರೆ ಸುಮಾರು ಒಂದು ಕಪ್ ಅನ್ನ. ಅದರಲ್ಲಿ 40 ಗ್ರಾಂ ಹತ್ತಿರ ಪಿಷ್ಟ. ಒಂದು ಹೊತ್ತಿಗೆ ಇದರ ಆಸುಪಾಸಿನಲ್ಲಿ ನಿಂತರೆ ತುಂಬಾ ಜನರಿಗೆ ಸುಧಾರಿಸುತ್ತದೆ. ತೋಟದಲ್ಲಿ ಮೈಮುರಿದು ಕೆಲಸ ಮಾಡುವವರಿಗೆ ಸ್ವಲ್ಪ ಹೆಚ್ಚು ಬೇಕಾದೀತು, ಕೂತಲ್ಲೇ ಇರುವವರಿಗೆ ಇನ್ನೂ ಕಡಿಮೆ. ನಿಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಕುಡ್ತೆಗೋ ಲೋಟಕ್ಕೋ ಎಷ್ಟು ಗ್ರಾಂ ಹಿಡಿಯುತ್ತದೆ ಅಂತ ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಆಮೇಲೆ ದಿನಾ ತೂಗುವ ರಗಳೆ ಇಲ್ಲ. ದೋಸೆ ಹಿಟ್ಟಿಗೂ ಇದೇ ಲೆಕ್ಕ: ನೆನೆಹಾಕಿದ ಅಕ್ಕಿ ಎಷ್ಟು, ಅದರಲ್ಲಿ ಎಷ್ಟು ದೋಸೆ ಆಯಿತು, ಭಾಗಿಸಿದರೆ ಆಯಿತು. ನೀರುದೋಸೆ ತೆಳ್ಳಗೆ ಇದೆಯಲ್ಲಾ ಅಂತ ಎಂಟು ಹೊಡೆಯುವವರು ಈ ಭಾಗಾಕಾರವನ್ನು ಖಂಡಿತ ಮಾಡಬೇಕು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. "ನಾವು ಉಣ್ಣುವುದು ಕುಚ್ಚಲಕ್ಕಿ ಅಲ್ವಾ, ಅದರಲ್ಲಿ ಶುಗರ್ ಇಲ್ಲ ಅಂತಾರಲ್ಲಾ?" ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ಕುಚ್ಚಲಕ್ಕಿ ವಾಸಿ, ಹೌದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವಾಗ ಪಿಷ್ಟದ ಕಟ್ಟು ಬದಲಾಗುತ್ತದೆ, ಹಾಗಾಗಿ ಅದು ಸಾಮಾನ್ಯವಾಗಿ ನಿಧಾನಕ್ಕೆ ಅರಗುತ್ತದೆ. ತೌಡಿನಲ್ಲಿರುವ ಬಿ ಗುಂಪಿನ ವಿಟಮಿನ್‌ಗಳೂ ಸ್ವಲ್ಪ ಒಳಗೆ ಇಳಿಯುತ್ತವೆ. ಆದರೆ ಪಿಷ್ಟದ ತೂಕ ಹೆಚ್ಚುಕಡಿಮೆ ಅಷ್ಟೇ. ಮೂರು ಕಪ್ ಕುಚ್ಚಲಕ್ಕಿ ಅನ್ನ ಉಂಡು ಬೆಳ್ತಿಗೆಯನ್ನು ಬೈದರೆ ಎಂಥ ಪ್ರಯೋಜನ ಮಾರಾಯ್ರೇ?

ಗಂಜಿಯ ಬಗ್ಗೆ ನನಗೆ ಹೇಳುವುದು ಸ್ವಲ್ಪ ಜಾಸ್ತಿಯೇ ಉಂಟು. ನಮ್ಮ ಗಂಜಿಗೆ ಜೊತೆ ಏನು? ಉಪ್ಪಿನಕಾಯಿ, ಸುಟ್ಟ ಹಪ್ಪಳ, ಜಾಸ್ತಿ ಅಂದರೆ ಒಂದು ಚಟ್ನಿ. ಅಂದರೆ ಬಟ್ಟಲು ತುಂಬಾ ಪಿಷ್ಟ, ಬದಿಯಲ್ಲಿ ಉಪ್ಪು. ತರಕಾರಿ ಇಲ್ಲ, ಕಾಳು ಇಲ್ಲ. ನೀರಾಗಿ ಇರುವುದರಿಂದ ಎಷ್ಟು ಹೋಯಿತು ಅಂತ ಗೊತ್ತೂ ಆಗುವುದಿಲ್ಲ, ಒಂದು ಗಂಟೆಯಲ್ಲಿ ಮತ್ತೆ ಹಸಿವು. ಪಕ್ಕದ ಮಲಯಾಳಿ ಮನೆಗಳಲ್ಲಿ ಗಂಜಿಗೆ ಹೆಸರುಕಾಳಿನ ಪಲ್ಯ ಇಡುವ ಕ್ರಮ ಉಂಟು. ಅದನ್ನು ನಾವು ಕಣ್ಣುಮುಚ್ಚಿ ಕಲಿಯಬಹುದು. ಗಂಜಿಯ ಅಕ್ಕಿ ಅರ್ಧ ಮಾಡಿ, ಹೆಸರುಕಾಳೋ ಹುರುಳಿಯೋ ಅಲಸಂಡೆ ಬೀಜವೋ ಒಂದು ಬಟ್ಟಲು ಇಟ್ಟುಕೊಳ್ಳಿ. ಬೆಳಗ್ಗೆ ಪುಟ್ಟು ಮಾಡಿದರೂ ಹಾಗೆಯೇ, ಪುಟ್ಟು ಸಣ್ಣ ತುಂಡು, ಕಡ್ಲೆ ಧಾರಾಳ. ಕಾಳಿನಲ್ಲಿಯೂ ಪಿಷ್ಟ ಇಲ್ಲ ಅಂತಲ್ಲ, ಆದರೆ ನಾರು ಮತ್ತು ಪ್ರೋಟೀನ್ ಇರುವುದರಿಂದ ಸಕ್ಕರೆ ಒಮ್ಮೆಲೇ ಮೇಲೆ ಹಾರುವುದಿಲ್ಲ.

ಮಧ್ಯಾಹ್ನದ ತಟ್ಟೆಯ ಅರ್ಧ ಭಾಗ ತರಕಾರಿ. ಇದು ನನ್ನ ಸ್ವಂತ ಹಠ ಅಲ್ಲ, ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ತರಕಾರಿ ಮತ್ತು ಹಣ್ಣಿಗೆ ತಟ್ಟೆಯ ಅರ್ಧ ಜಾಗ ಉಂಟು. ಸಕ್ಕರೆ ಕಾಯಿಲೆ ಇರುವವರು ಆ ಅರ್ಧವನ್ನು ತರಕಾರಿಯಿಂದಲೇ ತುಂಬಿಸುವುದು ಒಳ್ಳೆಯದು. ನಮಗೇನು ತರಕಾರಿಗೆ ಬರವೇ? ಹಿತ್ತಿಲಲ್ಲಿ ಬಸಳೆ ಚಪ್ಪರ ಉಂಟು, ಹರಿವೆ, ತೊಂಡೆ, ಅಲಸಂಡೆ, ಪಡುವಲ, ಹೀರೆ ಎಲ್ಲಾ ಬೆಳೆಯುತ್ತದೆ. ಆದರೆ ಎಲೆಯ ತುದಿಯಲ್ಲಿ ಒಂದು ಚಮಚ ಪಲ್ಯ ಬಡಿಸಿದರೆ ಅದು ಶಾಸ್ತ್ರ, ಊಟ ಅಲ್ಲ. ಒಂದು ನೆನಪಿಡಿ, ಬಟಾಟೆ, ಗೆಣಸು, ಮರಗೆಣಸು ಈ ಅರ್ಧದಲ್ಲಿ ಸೇರುವುದಿಲ್ಲ. ಮರಗೆಣಸು ತಿಂದ ದಿನ ಅನ್ನ ಬೇಡ. ತಟ್ಟೆಯ ಉಳಿದ ಅರ್ಧದಲ್ಲಿ ಒಂದು ಪಾಲು ಅನ್ನ, ಒಂದು ಪಾಲು ಬೂತಾಯಿಯೋ ಬಂಗುಡೆಯೋ, ಮೀನು ತಿನ್ನದವರಿಗೆ ದಪ್ಪ ತೊವ್ವೆ ಅಥವಾ ಕಾಳು. ಮೊದಲು ಪಲ್ಯ ಮತ್ತು ಕಾಳು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ. ಇದು ಖರ್ಚಿಲ್ಲದ ಉಪಾಯ, ಮದುವೆ ಊಟದಲ್ಲಿಯೂ ನಡೆಯುತ್ತದೆ. ಕೋಸಂಬರಿ, ಪಲ್ಯ ಇನ್ನೊಮ್ಮೆ ಹಾಕಿಸಿಕೊಳ್ಳಿ, ಅನ್ನದ ಪಾತ್ರೆ ಬಂದಾಗ ಕೈ ಅಡ್ಡ ಹಿಡಿಯಿರಿ.

ರಾತ್ರಿ ಚಪಾತಿ ಮಾಡಿದರೆ ಶುಗರ್ ಇಳಿಯುತ್ತದೆ ಅನ್ನುವ ನಂಬಿಕೆ ಎಲ್ಲಿಂದ ಬಂತೋ ನಾ ಕಾಣೆ. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 20 ಗ್ರಾಂ ಪಿಷ್ಟ ಇರುತ್ತದೆ, ನಾಲ್ಕು ತಿಂದರೆ ಎರಡು ಕಪ್ ಅನ್ನ ಉಂಡ ಹಾಗೆಯೇ. ಎಣಿಸಲು ಸುಲಭ, ಅದೊಂದು ಲಾಭ ಇದೆ. ರಾಗಿಯೂ ಹಾಗೆ, ನುಣ್ಣಗೆ ಬೀಸಿ ತೆಳುವಾಗಿ ಕಾಸಿ ಕುಡಿದರೆ ಬೇಗ ಅರಗುತ್ತದೆ. ಅನ್ನ ಹಿಡಿಸುವವರು ಅನ್ನವನ್ನೇ ಅಳತೆಯಲ್ಲಿ ಉಣ್ಣಲಿ, ಸುಮ್ನೆ ಬೇಡದ ಚಪಾತಿಯ ಜೊತೆ ಯಾಕೆ ಗುದ್ದಾಟ?

ಹಲಸಿನ ಬಗ್ಗೆ ಕೇಳದೆ ನಮ್ಮವರು ಬಿಡುವುದಿಲ್ಲ. ಎಳೆ ಗುಜ್ಜೆ ತರಕಾರಿ, ಧೈರ್ಯವಾಗಿ ತಿನ್ನಿ. ಬಲಿತ ಸೊಳೆಯ ಪಲ್ಯ ಅನ್ನದ ಬದಲಿಗೆ ಆಗಬಹುದು, ಅನ್ನದ ಜೊತೆಗೆ ಅಲ್ಲ. ಹಣ್ಣಾದರೆ ಅದು ಸಿಹಿ, ಎರಡು ಮೂರು ಸೊಳೆಗೆ ನಿಲ್ಲಿಸಿ, ಅದೂ ಊಟ ಆದ ಕೂಡಲೇ ಬೇಡ. ಉಪ್ಪಿನಲ್ಲಿ ಹಾಕಿಟ್ಟ ಸೊಳೆಯನ್ನು ಅಡುಗೆ ಮಾಡುವಾಗ ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಿ, ಶುಗರ್ ಇರುವವರಲ್ಲಿ ತುಂಬಾ ಜನರಿಗೆ ಬೀಪಿಯೂ ಇರುತ್ತದೆ.

ಇನ್ನು ಚಾ. ಒಂದು ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ ಅಂದರೆ 40 ಗ್ರಾಂ ಸಕ್ಕರೆ. ಒಂದು ಕಪ್ ಅನ್ನದ ಬಾಬತ್ತು ಅಲ್ಲೇ ಮುಗಿಯಿತು. ಬೆಲ್ಲ, ಜೇನು ಹಾಕಿದರೂ ಅದೇ ಕತೆ. ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವುದರಿಂದ ಕಲ್ಪರಸದಿಂದ, ಅಂದರೆ ತೆಂಗಿನ ಹೊಂಬಾಳೆಯ ರಸದಿಂದ, ಮಾಡುವ ತೆಂಗಿನ ಸಕ್ಕರೆಯ ವಿಷಯವೂ ಜನರಿಗೆ ಗೊತ್ತು. ರುಚಿ ಚೆನ್ನಾಗಿದೆ, ತೆಂಗು ಬೆಳೆಯುವವರಿಗೆ ನಾಲ್ಕು ಕಾಸು ಬಂದರೆ ನನಗೂ ಖುಷಿಯೇ. ಆದರೆ ಅದೂ ಬಹುಪಾಲು ಸಕ್ಕರೆಯೇ, ಶುಗರ್ ಇರುವವರಿಗೆ ಅಂತ ಬೇರೆ ರಿಯಾಯಿತಿ ಇಲ್ಲ.

ಅಡುಗೆ ಮನೆಯಲ್ಲಿ ನಾನು ಕಾಣುವ ದೊಡ್ಡ ತೊಂದರೆ ಅಕ್ಕಿಯದ್ದಲ್ಲ, ಹೊತ್ತಿನದ್ದು. ಶುಗರ್ ಇರುವುದು ಮನೆಯ ಗಂಡಸಿಗಾದರೆ ಅವರಿಗೆ ಒಂದು ಗಂಟೆಗೆ ಬಿಸಿ ಬಿಸಿ ಬೇರೆ ಅಡುಗೆ ರೆಡಿ. ಶುಗರ್ ಇರುವುದು ಅಮ್ಮನಿಗೋ ಅತ್ತೆಗೋ ಆದರೆ ಅವರು ಬೆಳಗ್ಗೆ ಮಾತ್ರೆ ನುಂಗಿ, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ತಳದಲ್ಲಿ ಉಳಿದ ಅನ್ನಕ್ಕೆ ಸಾರು ಸುರಿದು ಉಣ್ಣುತ್ತಾರೆ. ಪಲ್ಯ ಅಷ್ಟು ಹೊತ್ತಿಗೆ ಖಾಲಿ. ಊಟದ ಯೋಜನೆ ಅಂತ ಚಾರ್ಟ್ ಬರೆದು ಕೊಟ್ಟರೆ ಇಂಥ ಮನೆಯಲ್ಲಿ ಅದು ಕ್ಯಾಲೆಂಡರ್ ಹಿಂದೆ ಸೇರುತ್ತದೆ. ಅದಕ್ಕೆ ನಾನು ಹೇಳುವುದು, ರೋಗಿಗೆ ಅಂತ ಬೇರೆ ಪಾತ್ರೆ ಇಡಬೇಡಿ. ಮನೆಗೆಲ್ಲಾ ಒಂದೇ ಅಡುಗೆ, ಪಲ್ಯ ಎರಡು ಪಟ್ಟು ಮಾಡಿ, ಮತ್ತು ಅಮ್ಮ ಎಲ್ಲರ ಜೊತೆಗೇ ಕೂತು ಉಣ್ಣಲಿ. ಮೊಸರು ಬೇಕಾದವರು ಎದ್ದು ಬಡಿಸಿಕೊಂಡರೆ ಏನೂ ಆಗುವುದಿಲ್ಲ.

ನಾನು ಹೇಳಿದ ಅಳತೆ ನಿಮಗೆ ಸರಿಯೋ ತಪ್ಪೋ ಅಂತ ತಿಳಿಯಲು ಗ್ಲುಕೋಮೀಟರ್ ಇದೆ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಊಟಕ್ಕೆ ಮೊದಲು 80ರಿಂದ 130, ಊಟದ ನಂತರ 180ರ ಒಳಗೆ ಇರಬೇಕು ಅನ್ನುತ್ತಾರೆ, ತುಂಬಾ ವಯಸ್ಸಾದವರಿಗೆ ಡಾಕ್ಟರು ಬೇರೆ ಗುರಿ ಹೇಳಬಹುದು. ಒಂದು ದಿನ ನಾಲ್ಕು ನೀರುದೋಸೆ ತಿಂದು ನೋಡಿ, ಇನ್ನೊಂದು ದಿನ ಎರಡು ದೋಸೆಗೆ ಕಡ್ಲೆ ಗಸಿ ಸೇರಿಸಿ ನೋಡಿ. ಎರಡನ್ನೂ ಬರೆದಿಡಿ. ಊಟ ಆದ ಮೇಲೆ ಅಂಗಳದಲ್ಲಿ ಹದಿನೈದು ನಿಮಿಷ ನಡೆದರೆ ಆ ಸಂಖ್ಯೆ ಹೇಗೆ ಇಳಿಯುತ್ತದೆ ಅಂತಲೂ ನೋಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇರೆ ಇದ್ದೇ ಇದೆ, ಆದರೆ ಯಾವ ತಿಂಡಿ ಏನು ಮಾಡಿತು ಅಂತ ಅದು ಹೇಳುವುದಿಲ್ಲ.

ಇದನ್ನು ಓದಿ ನಾಳೆಯೇ ಅನ್ನ ಅರ್ಧ ಮಾಡುವವರಿಗೆ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರಿಗೆ ಹೇಳಿ, ಊಟ ಇಳಿದರೆ ಡೋಸೂ ಬದಲಾಗಬೇಕಾದೀತು. ಏಕಾದಶಿಗೂ ರಂಜಾನ್ ಉಪವಾಸಕ್ಕೂ ಇದೇ ಮಾತು. ಕಿಡ್ನಿ ತೊಂದರೆ ಇದ್ದವರು ಕಾಳು, ಮೀನು ಹೆಚ್ಚಿಸುವ ಮೊದಲೂ ಕೇಳಬೇಕು. ಕೈ ನಡುಕ, ಬೆವರು, ತಲೆ ಸುತ್ತು ಬಂದು ಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.