ಚಪ್ಪಟೆ ಪುಟಗಳಲ್ಲಿ ಕಾಣೆಯಾದ ಗುಂಡಿ

ಬೆಂಗಳೂರಿನ ಹೊಸ ಸ್ಟಾರ್ಟಪ್‌ಗಳ ಜಾಲತಾಣಗಳನ್ನು ಸಾಲಾಗಿ ತೆರೆದು ನೋಡುತ್ತಿದ್ದೇನೆ. ಲಾಂಛನ ಮುಚ್ಚಿದರೆ ಯಾವುದು ಯಾರದೆಂದು ಹೇಳಲಾಗದು. ಎಲ್ಲವೂ ನೆರಳು, ಉಬ್ಬುಗಳಿಲ್ಲದ ಚಪ್ಪಟೆ ಶೈಲಿಯವು, ಅಂದರೆ ಫ್ಲಾಟ್ ಡಿಸೈನ್. ಈ ಶೈಲಿ ಬಂದಾಗ ಅದಕ್ಕೊಂದು ಸ್ವಂತ ವಿಚಾರವಿತ್ತು. 2010ರ ವಿಂಡೋಸ್ ಫೋನ್ 7ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಯಾಸಕಾರರು ನಿಲ್ದಾಣಗಳ ಸೂಚನಾ ಫಲಕಗಳಿಂದಲೂ ಸ್ವಿಸ್ ಮುದ್ರಣ ಶೈಲಿಯಿಂದಲೂ ಪ್ರೇರಣೆ ಪಡೆದು, ತೊಗಲು, ಮರ, ಗಾಜುಗಳ ಹೊಳಪನ್ನು ಅನುಕರಿಸುವುದನ್ನು ಬಿಟ್ಟು, ಅಕ್ಷರಕ್ಕೇ ಪ್ರಾಧಾನ್ಯ ಕೊಟ್ಟರು. 2013ರಲ್ಲಿ ಆಪಲ್‌ನ ಐಫೋನ್ ತಂತ್ರಾಂಶ ಐಓಎಸ್ 7 ಅದೇ ದಿಕ್ಕಿಗೆ ತಿರುಗಿದ ಮೇಲೆ ಎಲ್ಲರೂ ತಿರುಗಿದರು. ಆದರೆ ಒತ್ತಬೇಕಾದ ಗುಂಡಿಗೂ ಬರಿಯ ಪದಕ್ಕೂ ವ್ಯತ್ಯಾಸ ತಿಳಿಯದೆ ಬಳಕೆದಾರರು ತಡವರಿಸಿದರು, ಮರುವರ್ಷ 7.1ರಲ್ಲಿ ಗುಂಡಿಗಳ ಆಕಾರ ತೋರಿಸುವ ಆಯ್ಕೆಯನ್ನು ಆಪಲ್ ಸೇರಿಸಿತು. ಗೂಗಲ್ ಕೂಡ 2014ರ ಮೆಟೀರಿಯಲ್ ಡಿಸೈನ್ ಎಂಬ ತನ್ನ ವಿನ್ಯಾಸ ಪದ್ಧತಿಯಲ್ಲಿ ನೆರಳಿಗೆ ಮತ್ತೆ ಜಾಗ ಕೊಟ್ಟಿತು.

ಈ ತಿದ್ದುಪಡಿಗಳನ್ನು ಬಿಟ್ಟು ಕೇವಲ ನೋಟವನ್ನು ನಕಲು ಮಾಡಿದರೆ ಕನ್ನಡಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ರೋಮನ್ ಲಿಪಿಗೆ ಅಳೆದಿಟ್ಟ ಸಾಲಿನ ಅಂತರದಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ಗಳ ಒತ್ತಕ್ಷರಗಳು ಕೆಳಗಿನ ಸಾಲನ್ನು ಮುಟ್ಟುತ್ತವೆ, ಇಲ್ಲವೇ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ, ದ ಮತ್ತು ಧ ಅಕ್ಷರಗಳನ್ನು ಬೇರ್ಪಡಿಸುವ ಪುಟ್ಟ ಗೀರು ತೆಳು ಬೂದು ಬಣ್ಣದಲ್ಲಿ, ಅದರಲ್ಲೂ ಬಿಸಿಲಲ್ಲಿ ಹಿಡಿದ ಫೋನಿನಲ್ಲಿ, ಕಾಣುವುದೇ ಇಲ್ಲ. ಜಾಲತಾಣಗಳ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಅನುಪಾತದ ಬೆಳಕಿನ ವ್ಯತ್ಯಾಸವನ್ನು (ಕಾಂಟ್ರಾಸ್ಟ್) ಕೇಳುತ್ತದೆ. ನನ್ನ ದೃಷ್ಟಿಯಲ್ಲಿ ಕನ್ನಡಕ್ಕೆ ಅದೂ ಸಾಲದು. ಗಾಂಧಿ ಬಜಾರಿನ ಪುಸ್ತಕದಂಗಡಿಯೊಂದಕ್ಕೆ ಈಗ ಸಿದ್ಧಪಡಿಸುತ್ತಿರುವ ಪುಟದಲ್ಲಿ ಒತ್ತಕ್ಷರದ ಎತ್ತರವನ್ನೇ ಅಳತೆಗೋಲಾಗಿಟ್ಟು ಸಾಲುಗಳನ್ನು ಬಿಡಿಸಿದ್ದೇನೆ. ‘ಕೊಳ್ಳಿರಿ’ ಎಂಬ ಗುಂಡಿಗೆ ಗಟ್ಟಿಯಾದ ಅಂಚು ಕೊಟ್ಟಿದ್ದೇನೆ.