ಬರಿಯ ಉದ್ಗಾರವಲ್ಲ

ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿತ ನಮಗೆ ಭಾವಸೂಚಕ ಅವ್ಯಯಗಳೆಂದರೆ ಸಂತೋಷಕ್ಕೆ 'ಹುರ್ರೇ', ದುಃಖಕ್ಕೆ 'ಅಲಾಸ್' ಎಂದು ಬಾಯಿಪಾಠ ಮಾಡಿ ಮುಗಿಸುವ ಕಡೆಯ ಪಾಠ. ಷೇಕ್ಸ್‌ಪಿಯರನ ನಾಟಕಗಳ ಕೆಲವು ದೃಶ್ಯಗಳನ್ನು ನನ್ನ ಖುಷಿಗಾಗಿ ಕನ್ನಡಕ್ಕೆ ತರಲು ಕುಳಿತಾಗ, ಕಷ್ಟದ ಕ್ರಿಯಾಪದಗಳಿಗಿಂತ ಹೆಚ್ಚು ಹೊತ್ತು ನನ್ನನ್ನು ತಡೆದು ನಿಲ್ಲಿಸಿದ್ದು ಈ ಪುಟ್ಟ ಪದಗಳೇ.

'ಅಲಾಸ್' ಹಳೆಯ ಫ್ರೆಂಚಿನಿಂದ ಬಂದದ್ದು. ಅದರೊಳಗಿನ 'ಲಾಸ್' ಎಂಬುದಕ್ಕೆ ದಣಿದ, ಬಳಲಿದ ಎಂಬ ಅರ್ಥವಿತ್ತು. ಹ್ಯಾಮ್ಲೆಟ್ ಸ್ಮಶಾನದಲ್ಲಿ ವಿದೂಷಕನ ತಲೆಬುರುಡೆಯನ್ನು ಕೈಯಲ್ಲಿ ಹಿಡಿದು 'ಅಲಾಸ್, ಪೂರ್ ಯೋರಿಕ್' ಎನ್ನುವಲ್ಲಿ ನಾನು ಮೊದಲು 'ಅಕಟಾ' ಎಂದು ಬರೆದೆ. ಗಟ್ಟಿಯಾಗಿ ಓದಿದರೆ ಕುಮಾರವ್ಯಾಸನ ಪಾತ್ರವೊಂದು ರಣರಂಗದಲ್ಲಿ ನಿಂತು ಹಲುಬಿದಂತೆ ಕೇಳಿಸಿತು. ಚಿಕ್ಕಂದಿನಲ್ಲಿ ತನ್ನನ್ನು ಬೆನ್ನ ಮೇಲೆ ಹೊತ್ತು ಆಡಿಸಿದವನ ನೆನಪಿಗೆ ಅಷ್ಟು ಎತ್ತರದ ದನಿ ಒಗ್ಗದು. 'ಅಯ್ಯೋ ಪಾಪ, ಯೋರಿಕ್' ಎಂದು ತಿದ್ದಿದೆ. ನಮ್ಮ ಮನೆಮಾತಿನ ಆ 'ಪಾಪ' ಇಂಗ್ಲಿಷಿನ 'ಪೂರ್' ಎಂಬುದನ್ನೂ ಜೊತೆಗೇ ಹೊತ್ತುಕೊಂಡಿತು.

ಬೈಗುಳದ ಜಾತಿಯ ಉದ್ಗಾರಗಳ ಕಥೆ ಇನ್ನೂ ಸ್ವಾರಸ್ಯದ್ದು. 'ಜೂಂಡ್ಸ್' ಎಂದರೆ ದೇವರ ಗಾಯಗಳು, 'ಸ್‌ಬ್ಲಡ್' ಎಂದರೆ ದೇವರ ರಕ್ತ. ಕ್ರಿಸ್ತನ ಶಿಲುಬೆಯ ಮೇಲಿಟ್ಟ ಆಣೆಗಳು ಬಾಯಲ್ಲಿ ಸವೆದು ಹೀಗಾದವು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಿದವರಿಗೆ ಪ್ರತಿ ಸಲಕ್ಕೂ 10 ಪೌಂಡ್ ದಂಡ ವಿಧಿಸುವ ಕಾಯ್ದೆ ಮಾಡಿತು. ದಂಡದ ಅರ್ಧ ಅರಸನಿಗೆ, ಇನ್ನರ್ಧ ದಾವೆ ಹೂಡಿದವನಿಗೆ! 1622ರಲ್ಲಿ ಅಚ್ಚಾದ 'ಒಥೆಲೊ'ದಲ್ಲಿ ಸಿಪಾಯಿ ಇಯಾಗೊ ನಡುರಾತ್ರಿ ಮುದುಕ ಬ್ರಬಾನ್ಷಿಯೊನ ಮನೆಯ ಕೆಳಗೆ ನಿಂತು 'ಜೂಂಡ್ಸ್, ಸ್ವಾಮೀ, ನಿಮ್ಮ ಮನೆ ಲೂಟಿಯಾಗಿದೆ' ಎಂದು ಕೂಗುತ್ತಾನೆ. ಮರುವರ್ಷ ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟಾಗಿ ಅಚ್ಚು ಮಾಡಿದ ಫೋಲಿಯೊ ಎಂಬ ದೊಡ್ಡ ಸಂಪುಟದಲ್ಲಿ ಆ ಮೊದಲ ಪದವೇ ಇಲ್ಲ. ವಿದ್ವಾಂಸರಲ್ಲಿ ಅನೇಕರು ಇದನ್ನು ಆ ಕಾಯ್ದೆಯ ನೆರಳೆಂದು ಓದುತ್ತಾರೆ. ಕಾರಣವೇನೇ ಇರಲಿ, ಉದ್ಗಾರ ಹೋದೊಡನೆ ಇಯಾಗೊ ದೂರು ತಂದ ಮರ್ಯಾದಸ್ಥ ನೆರೆಯವನಂತಾಗುತ್ತಾನೆ. ಸಿಪಾಯಿಯ ಒರಟು ಬಾಯಿ, ಮುದುಕನನ್ನು ಬೆಚ್ಚಿಬೀಳಿಸುವ ಆ ಕಿಡಿಗೇಡಿ ಉತ್ಸಾಹ ಎರಡೂ ಮಾಯವಾಗುತ್ತವೆ.

ನನ್ನನ್ನು ಪೂರ್ತಿ ಸೋಲಿಸಿದ್ದು ಮಾತ್ರ 'ಮ್ಯಾಕ್‌ಬೆತ್'. ನಿದ್ದೆಗಣ್ಣಿನಲ್ಲಿ ಓಡಾಡುವ ಲೇಡಿ ಮ್ಯಾಕ್‌ಬೆತ್, ಅರೇಬಿಯಾದ ಸುಗಂಧಗಳೆಲ್ಲ ಸೇರಿದರೂ ತನ್ನ ಈ ಪುಟ್ಟ ಕೈಯ ರಕ್ತದ ನಾತ ಹೋಗದೆಂದು ಹೇಳಿ, 'ಓ, ಓ, ಓ' ಎನ್ನುತ್ತಾಳೆ. ಅಚ್ಚಿನಲ್ಲಿ ಇರುವುದು ಅಷ್ಟೇ. ಅದು ಚೀರಾಟವೋ ನರಳಾಟವೋ ಎಂಬುದನ್ನು ಮರೆಯಲ್ಲಿ ನಿಂತ ವೈದ್ಯನ ಮುಂದಿನ ಮಾತು ತಿಳಿಸುತ್ತದೆ: ಎಂಥ ನಿಟ್ಟುಸಿರು, ಎದೆ ಭಾರವಾಗಿದೆ ಎಂದು. 'ಅಯ್ಯೋ' ಎಂದು ಬರೆದರೆ ಕನ್ನಡದಲ್ಲಿ ಅದು ಕೂಗಾಗಿಬಿಡುತ್ತದೆ, 'ಹಾ' ಎಂದರೆ ಕಂಪನಿ ನಾಟಕದ ವಿಲಾಪವಾಗುತ್ತದೆ. ಕೊನೆಗೆ ಆ ಮೂರು 'ಓ'ಗಳನ್ನು ಹಾಗೆಯೇ ಉಳಿಸಿ, ವೈದ್ಯನ ಸಾಲನ್ನು ಅದರ ಬೆನ್ನಿಗೇ ಬರುವಂತೆ ಇಟ್ಟಿದ್ದೇನೆ.