16ರಲ್ಲಿ 10 ಕಳೆದರೆ ಉಳಿಯುವ ಆ 6

"ಗುರುತ್ವವೂ ಒಂದು ಗೇಜ್ ಸಿದ್ಧಾಂತವೇ." ಎಂ.ಎಸ್ಸಿ. ಓದುವಾಗ ಮೇಷ್ಟ್ರು ಹೀಗಂದು, ಬೋರ್ಡ್ ಒರೆಸಿ ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ನಾನೂ ಸುಮ್ನೆ ತಲೆಯಾಡಿಸಿದೆ. ತಲೆಬುಡ ಅರ್ಥವಾಗಿರಲಿಲ್ಲ. ಕಳೆದ ತಿಂಗಳು ಹಠ ಹಿಡಿದು ನೋಟ್‌ಬುಕ್ ತೆರೆದು ಕೂತೆ.

ಮೊದಲು ಕೈಗೆ ತಗೊಂಡಿದ್ದು ಒಂದು ಪ್ಲಾಸ್ಟಿಕ್ ಚೆಂಡು, ಒಂದು ಬೆಂಕಿಕಡ್ಡಿ. ಚೆಂಡಿನ ನೆತ್ತಿಯ ಮೇಲೆ ಕಡ್ಡಿ ಇಟ್ಟೆ. ಅದರ ತಲೆ ಎತ್ತ ತೋರಿಸುತ್ತಿತ್ತೋ ಅತ್ತಲೇ ನೇರವಾಗಿ ನಡುಗೆರೆಯವರೆಗೆ ಇಳಿಸಿದೆ. ಈಗ ತಲೆ ಕೆಳಗೆ ನೋಡುತ್ತಿದೆ. ಹಾಗೇ ಇಟ್ಟುಕೊಂಡು ನಡುಗೆರೆಯ ಮೇಲೆ ಕಾಲು ಸುತ್ತು ಸರಿಸಿದೆ. ಆಮೇಲೆ ನೇರ ನೆತ್ತಿಗೆ ವಾಪಸ್. ದಾರಿಯಲ್ಲಿ ಎಲ್ಲೂ ಕಡ್ಡಿಯನ್ನು ತಿರುಗಿಸಲಿಲ್ಲ. ಆದರೂ ಅದು 90 ಡಿಗ್ರಿ ತಿರುಗಿತ್ತು! ಗೊತ್ತಿದ್ದ ವಿಷಯವೇ, ಆದರೂ ಕೈಯಾರೆ ಮಾಡಿದಾಗ ಒಂಥರಾ ಮೈ ಜುಮ್ಮೆಂದಿತು.

ಗೇಜ್ ಸಿದ್ಧಾಂತದ ಜೀವಾಳ ಇಷ್ಟೇ. ಇಲ್ಲಿನ ದಿಕ್ಕನ್ನು ಅಲ್ಲಿನ ದಿಕ್ಕಿನ ಜೊತೆ ಹೋಲಿಸಬೇಕಾದರೆ ಸಾಗಿಸುವ ಒಂದು ನಿಯಮ ಬೇಕು. ಅದೇ ಕನೆಕ್ಷನ್. ಸುತ್ತಿ ಬಂದಾಗ ಉಳಿಯುವ ತಿರುವೇ ವಕ್ರತೆ. ವಿದ್ಯುತ್ಕಾಂತದಲ್ಲಿ ತಿರುಗುವುದು ಎಲೆಕ್ಟ್ರಾನಿನ ಫೇಸ್, ಅಂದರೆ ಅದರ ಅಲೆ ಯಾವ ಹಂತದಲ್ಲಿದೆ ಎನ್ನುವ ಕೋನ. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಇದೇ ಆಟವನ್ನು ಐಸೊಸ್ಪಿನ್ (ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಒಂದೇ ಕಣದ ಎರಡು ಮುಖಗಳಾಗಿ ನೋಡುವ ಒಳಗಿನ ಬಾಣ) ಮೇಲೆ ಆಡಿದರು. ಗೇಜ್ ಅಂದರೆ ಅಳತೆಗೋಲು. ಆ ಹೆಸರು ಬಂದಿದ್ದು ಗಣಿತಜ್ಞ ಹರ್ಮನ್ ವೈಲ್ 1918ರಲ್ಲಿ ಮಾಡಿದ ಪ್ರಯತ್ನದಿಂದ. ಪ್ರತಿ ಬಿಂದುವಿನಲ್ಲೂ ಉದ್ದದ ಅಳತೆಯನ್ನೇ ನಮಗೆ ಬೇಕಾದಂತೆ ಆರಿಸಿಕೊಳ್ಳಬಹುದು ಅಂದರು ಅವರು. ಹಾಗಾದರೆ ಪರಮಾಣುವಿನ ರೋಹಿತ (ಅದು ಸೂಸುವ ಬೆಳಕಿನ ಬಣ್ಣಗಳ ಪಟ್ಟಿ) ಅದು ನಡೆದುಬಂದ ದಾರಿಯ ಮೇಲೆ ನಿಂತಿರಬೇಕಾಗುತ್ತದಲ್ಲ ಅಂತ ಐನ್‌ಸ್ಟೈನ್ ತಕರಾರು ತೆಗೆದರು. ತಕರಾರು ಸರಿಯಾಗಿಯೇ ಇತ್ತು. 1929ರಲ್ಲಿ ವೈಲ್ ಅದೇ ವಿಚಾರವನ್ನು ಫೇಸ್‌ಗೆ ಹೊಂದಿಸಿದರು. ಅಳತೆಗೋಲು ಹೋಯಿತು, ಹೆಸರು ಮಾತ್ರ ಉಳಿಯಿತು.

ಸರಿ, ಗುರುತ್ವದಲ್ಲಿ ತಿರುಗುವುದು ಏನು? ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಉತ್ತರ ಟೆಟ್ರಾಡ್‌ನಲ್ಲಿದೆ. ಪ್ರತಿ ಬಿಂದುವಿನಲ್ಲೂ ನಾಲ್ಕು ಬಾಣಗಳನ್ನು ನೆಡಿ: ಒಂದು ಕಾಲಕ್ಕೆ, ಮೂರು ಜಾಗಕ್ಕೆ. ಒಂದೊಂದಕ್ಕೂ ನಾಲ್ಕು ಘಟಕಗಳು, ಒಟ್ಟು 16. ಆದರೆ ಐನ್‌ಸ್ಟೈನರ ಮೆಟ್ರಿಕ್‌ನಲ್ಲಿ (ದೇಶಕಾಲದಲ್ಲಿ ದೂರ ಅಳೆಯುವ ಕೋಷ್ಟಕ) ಇರುವುದು 10 ಮಾತ್ರ. ಉಳಿದ 6 ಎಲ್ಲಿ ಹೋಯಿತು? ಮೂರು ದಿಕ್ಕಿನ ತಿರುವುಗಳು 3, ವೇಗ ಬದಲಿಸುವ ಬೂಸ್ಟ್‌ಗಳು 3. ಈ ಆರೂ ಸೇರಿದರೆ ವಿಶೇಷ ಸಾಪೇಕ್ಷತೆಯ ಲೊರೆಂಟ್ಸ್ ಗುಂಪೇ ಅಲ್ವಾ! ಬಾಣಗಳನ್ನು ಒಂದೊಂದು ಬಿಂದುವಿನಲ್ಲಿ ಒಂದೊಂದು ಥರ ತಿರುಗಿಸಿದರೂ ಮೆಟ್ರಿಕ್ ಅಲುಗುವುದಿಲ್ಲ. ಅದೇ ಗೇಜ್ ಸ್ವಾತಂತ್ರ್ಯ. ಇದು ಬರೀ ಲೆಕ್ಕದ ಚಮತ್ಕಾರವೂ ಅಲ್ಲ. ಬಾಗಿದ ದೇಶಕಾಲದಲ್ಲಿ ಎಲೆಕ್ಟ್ರಾನಿನ ನಡೆ ಹೇಳುವ ಡಿರಾಕ್ ಸಮೀಕರಣ ಬರೆಯಲು ಟೆಟ್ರಾಡ್ ಬೇಕೇ ಬೇಕು.

ಆ ಖುಷಿಯಲ್ಲಿ, ಈ ಬಾಣಗಳನ್ನು ಸಾಗಿಸುವ ನಿಯಮವಾದ ಸ್ಪಿನ್ ಕನೆಕ್ಷನ್‌ನ ಘಟಕಗಳನ್ನು ಎಣಿಸಿ 40 ಅಂತ ಬರೆದೆ. ಎರಡು ಗಂಟೆ ಯಾವುದೂ ತಾಳೆಯಾಗಲಿಲ್ಲ. ಮೆಟ್ರಿಕ್‌ನಿಂದ ಬರುವ ಕನೆಕ್ಷನ್ ಆದ ಕ್ರಿಸ್ಟಫೆಲ್ ಸಂಕೇತದ ಹಳೇ ಚಾಳಿ! ಅಲ್ಲಿ ಘಟಕಕ್ಕೆ ಅಂಟಿಸುವ ಒಂದು ಜೋಡಿ ಸೂಚಿಗಳನ್ನು ಅದಲುಬದಲು ಮಾಡಿದರೆ ಏನೂ ಆಗುವುದಿಲ್ಲ, ಇಲ್ಲಿ ಚಿಹ್ನೆ ಬದಲಾಗುತ್ತದೆ. ಹಾಗಾಗಿ 6 ತಿರುವು ಇಂಟು 4 ದಿಕ್ಕು, ಅಂದರೆ 24. ನೋಟ್‌ಬುಕ್‌ನಲ್ಲಿ ಆ 40ರ ಮೇಲೆ ಗೀಚಿದ ಗೀಟು ಮುಂದಿನ ಪುಟದಲ್ಲೂ ಮೂಡಿದೆ.

ಭೌತವಿಜ್ಞಾನಿ ಉತಿಯಾಮ 1956ರಲ್ಲಿ ಲೊರೆಂಟ್ಸ್ ಗುಂಪನ್ನು ಗೇಜ್ ಮಾಡಿದರು, ಅಂದರೆ ಅದರ ತಿರುವನ್ನು ಬಿಂದುವಿನಿಂದ ಬಿಂದುವಿಗೆ ಬೇರೆ ಬೇರೆ ಇರಲು ಬಿಟ್ಟರು. 1961ರಲ್ಲಿ ಕಿಬಲ್ ಜಾಗ ಬದಲಿಸುವ ಚಲನೆಗಳನ್ನೂ ಸೇರಿಸಿಕೊಂಡರು. ಅಲ್ಲಿಗೆ ಗುರುತ್ವ ಯಾಂಗ್-ಮಿಲ್ಸ್‌ನ ತಮ್ಮ ಆಯಿತು ಅಂತ ತೀರ್ಮಾನ ಮಾಡಿಬಿಡುವವರು ಜಾಸ್ತಿ. ನನಗೆ ಒಪ್ಪಿಗೆಯಿಲ್ಲ. ಯಾಂಗ್-ಮಿಲ್ಸ್‌ನ ಆಕ್ಷನ್‌ನಲ್ಲಿ (ಸಮೀಕರಣಗಳು ಹುಟ್ಟುವ ಮೂಲ ಸೂತ್ರ) ವಕ್ರತೆಯ ವರ್ಗ ಬರುತ್ತದೆ, ಐನ್‌ಸ್ಟೈನರದ್ದರಲ್ಲಿ ವಕ್ರತೆ ಒಂದೇ ಸಲ ಬರುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಐಸೊಸ್ಪಿನ್‌ನ ಬಾಣ ದೇಶಕಾಲದ ಯಾವ ದಿಕ್ಕನ್ನೂ ತೋರಿಸುವುದಿಲ್ಲ, ಅದರ ಲೋಕವೇ ಬೇರೆ. ಟೆಟ್ರಾಡ್ ಮಾತ್ರ ಒಳಗಿನ ಬಾಣಗಳನ್ನು ನೆಲಕ್ಕೇ ಬೆಸುಗೆ ಹಾಕಿಬಿಟ್ಟಿದೆ. ಯಾಂಗ್-ಮಿಲ್ಸ್‌ನಲ್ಲಿ ಇಂಥ ಬೆಸುಗೆ ಇಲ್ಲ.

ಇನ್ನೊಂದು ಬಾಕಿ ಇದೆ. ಟೆಟ್ರಾಡ್ ಮತ್ತು ಕನೆಕ್ಷನ್ ಎರಡನ್ನೂ ಸ್ವತಂತ್ರವಾಗಿ ಬಿಟ್ಟರೆ ವಕ್ರತೆಯ ಜೊತೆ ತಿರುಚು (ಟಾರ್ಶನ್: ಪುಟ್ಟ ಚೌಕ ಸುತ್ತಿದರೂ ಮುಚ್ಚದೆ ಉಳಿಯುವ ಅಂತರ) ಕೂಡ ಬರುತ್ತದೆ. ಐನ್‌ಸ್ಟೈನ್-ಕಾರ್ಟಾನ್ ಸಿದ್ಧಾಂತದಲ್ಲಿ ಅದನ್ನು ಹುಟ್ಟಿಸುವುದು ಕಣಗಳ ಸ್ಪಿನ್, ಅಂದರೆ ಅವಕ್ಕೆ ಹುಟ್ಟಿನಿಂದಲೇ ಇರುವ ಕೋನೀಯ ಆವೇಗ. ಸ್ಪಿನ್ ಇರುವ ವಸ್ತು ಎಲ್ಲಿದೆಯೋ ಅಲ್ಲಿ ಮಾತ್ರ ತಿರುಚು, ಖಾಲಿ ಜಾಗದಲ್ಲಿ ಸೊನ್ನೆ. ಅದು ಅಲೆಯಾಗಿ ಹೊರಗೆ ಹರಡುವುದೂ ಇಲ್ಲ. ಯಾಕೆ ಅಂತ ಸಮೀಕರಣದಿಂದ ತೆಗೆಯಲು ಹೊರಟು ಮೂರನೇ ಸಾಲಿನಲ್ಲಿ ನಿಂತಿದ್ದೇನೆ. ಈ ಸಲ ಘಟಕಗಳನ್ನು ಎರಡೆರಡು ಸಲ ಎಣಿಸಿದ್ದೇನೆ, 24 ಬಂದಿದೆ.